ಸೂಗಿಯ ಮೂಗು ಮೆತ್ತಗಾದ ದಿನ

ಸೂರ್ಯನಿಗೆ ಇನ್ನೂ ದಾರಿ ರೂಢಿಯಾಗಿರದ ಕಾಲ ಅದು. ಒಂದು ದಿನ ಮೂಡಲಲ್ಲಿ ಹುಟ್ಟಿದರೆ ಇನ್ನೊಂದು ದಿನ ಬಡಗಲಲ್ಲಿ ಹುಟ್ಟಿ, ತಪ್ಪಿತಲ್ಲ ಎಂದು ನಾಚಿಕೊಂಡು ಓಡಿ ಬರುತ್ತಿದ್ದ. ಗುಡ್ಡಗಳು ಇನ್ನೂ ಹಸಿಯಾಗಿದ್ದವು. ಗಾಳಿ, ಹೊಳೆ, ಹಕ್ಕಿ, ಮನುಷ್ಯ ಎಲ್ಲರದೂ ಒಂದೇ ಮಾತು. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿದ್ದುದರಿಂದ ಜಗಳಗಳೂ ಬೇಕಾದಷ್ಟು ಇದ್ದವು.

ಆಗಲೂ ಮನುಷ್ಯರಿಗೆ ಮೂಗು ಇತ್ತು. ಆದರೆ ಈಗಿನಂಥದ್ದಲ್ಲ. ಬುಡದಿಂದ ತುದಿಯವರೆಗೂ ಗಟ್ಟಿ ಎಲುಬು. ಬಾಗಿಲಿಗೆ ತಾಗಿದರೆ ಟಕ್ ಎನ್ನುತ್ತಿತ್ತು. ಯಾರಾದರೂ ಸಿಟ್ಟಿಗೆದ್ದು ಮೂಗು ಹಿಂಡಲು ಹೋದರೆ ಹಿಂಡಿದವರ ಬೆರಳೇ ನೋಯುತ್ತಿತ್ತು.

ನಿನ್ನ ಮೂಗನ್ನು ಈಗ ಮುಟ್ಟಬೇಡ ಕೂಸೇ. ನೆತ್ತರು ಈಗ ತಾನೇ ನಿಂತಿದೆ. ಅಂಗಿಯ ಮೇಲಿನ ಕಲೆಯ ಚಿಂತೆಯೂ ಬೇಡ, ತಣ್ಣೀರಲ್ಲಿ ನೆನೆಸಿದರೆ ಹೋಗುತ್ತದೆ. ಸುಮ್ಮನೆ ಈ ಅಜ್ಜಿಯ ಪಕ್ಕ ಕೂತು ಕೇಳು.

ಆ ಕಾಲದ ಗಾಳಿ ಬಲು ಒರಟ. ದಿನವಿಡೀ ಬಿಸಿಲಲ್ಲಿ ಅಲೆಯುತ್ತಿದ್ದ, ಮೈತುಂಬ ಧೂಳು ಮೆತ್ತಿಕೊಳ್ಳುತ್ತಿದ್ದ, ಕಾಲು ಕೂಡ ತೊಳೆಯದೆ ಸೀದಾ ಮನುಷ್ಯರ ಮೂಗಿನೊಳಗೆ ನುಗ್ಗಿ ಎದೆಗೆ ಇಳಿಯುತ್ತಿದ್ದ. ಎದೆಯೊಳಗಿನ ಮನೆ ತೀರ ಎಳಸು. ಬಿಸಿ ಗಾಳಿ, ಒಣ ಗಾಳಿ, ಧೂಳು ಗಾಳಿ, ಯಾವುದನ್ನೂ ತಾಳಿಕೊಳ್ಳುತ್ತಿರಲಿಲ್ಲ. ದೊಡ್ಡವರು ಚಿಕ್ಕವರು ಎಲ್ಲರೂ ಕೆಮ್ಮಿದ್ದೇ ಕೆಮ್ಮಿದ್ದು.

ಹಿರಿಯರು ಗಾಳಿಯನ್ನು ಕರೆದು ಬುದ್ಧಿ ಹೇಳಿದರು. ಗಾಳಿ ಮುಖ ಊದಿಸಿಕೊಂಡ. ತಾನು ಹುಟ್ಟಿದ್ದೇ ಹೀಗೆ, ಬೇಡವಾದರೆ ಹೇಳಿ, ನಾಳೆಯಿಂದ ಯಾರ ಮೂಗಿಗೂ ಬರುವುದಿಲ್ಲ ಎಂದ. ಅದನ್ನು ಕೇಳಿ ಎಲ್ಲರ ಜೀವ ಬಾಯಿಗೆ ಬಂತು. ಗಾಳಿ ಬಾರದಿದ್ದರೆ ಮನುಷ್ಯ ಉಳಿಯುವುದುಂಟೇ? ಕೈ ಮುಗಿದು ಅವನನ್ನು ಸಮಾಧಾನ ಮಾಡಿ, ಕೆಮ್ಮುತ್ತಲೇ ಹೊಳೆಯವ್ವನ ಹತ್ತಿರ ಹೋದರು.

ಹೊಳೆಯವ್ವ ಎಲ್ಲವನ್ನೂ ಕೇಳಿದಳು. ಹೊರಗಿನಿಂದ ಬಂದವನು ಕಾಲು ತೊಳೆಯಬೇಕಾದರೆ ಬಾಗಿಲಲ್ಲೇ ನೀರಿರಬೇಕಲ್ಲವೇ ಎಂದಳು. ತಾನೇ ನೂಲಿನಷ್ಟು ಸಣ್ಣಗಾಗಿ, ನೂರು ಎಳೆಯಾಗಿ ಮನುಷ್ಯರ ಮೂಗಿನ ಬಾಗಿಲಲ್ಲಿ ಹರಿಯುತ್ತೇನೆ, ಗಾಳಿ ಅಲ್ಲೇ ತೊಳೆದುಕೊಂಡು, ಹದವಾಗಿ ಒಳಗೆ ಹೋಗಲಿ ಎಂದಳು. ಆದರೆ ಒಂದು ಮಾತು ಹೇಳಿದಳು.

"ಆಳದಾಗ ಹರದ್ರ ಗಾಳಿಗಿ ನಾ ಸಿಗಂಗಿಲ್ಲ. ಅದಕ್ಕ ಮ್ಯಾಲೇ ಹರೀತೀನಿ. ನನ್ನ ಮ್ಯಾಲ ತೆಳ್ಳನ ಪದರ ಒಂದೇ ಇರ್ತದ. ಉಗುರು ಹಚ್ಚಬ್ಯಾಡ್ರಿ."

ಎಲ್ಲರೂ ತಲೆಯಾಡಿಸಿದರು. ಅಂದಿನಿಂದ ಕೆಮ್ಮು ನಿಂತಿತು, ಉಸಿರು ತಂಪಾಯಿತು. ಕೆಲಸ ಆದಮೇಲೆ ಮಾತು ಯಾರಿಗೆ ನೆನಪಿರುತ್ತದೆ? ನಿನಗೆ ಇರುತ್ತದೆಯೇ?

ಆ ಹೊಳೆಯ ದಂಡೆಯಲ್ಲಿ ಮಾಳವ್ವ ಎಂಬ ತಾಯಿ ಇದ್ದಳು. ಅವಳ ಒಬ್ಬಳೇ ಮಗಳು ಸೂಗಿ. ಸೂಗಿಗೆ ತೂತು ಕಂಡರೆ ಸಾಕು, ಬೆರಳು ಹೋಗಬೇಕು. ಇರುವೆಯ ಗೂಡು, ಏಡಿಯ ಬಿಲ, ನಾದಿಟ್ಟ ಹಿಟ್ಟು, ಯಾವುದನ್ನೂ ಬಿಡುತ್ತಿರಲಿಲ್ಲ. ಏಡಿ ಕಚ್ಚಿದರೂ ಬುದ್ಧಿ ಬಂದಿರಲಿಲ್ಲ. ಮಾಳವ್ವ ಬೈಯುತ್ತಿದ್ದಳು, ಬೈದು ಮುಗಿಸುವಷ್ಟರಲ್ಲಿ ನಗುತ್ತಿದ್ದಳು.

ಬೇಸಿಗೆ ಬಂದರೆ ಹೊಳೆಯವ್ವ ಉಸುಕಿನ ಕೆಳಗೆ ಹೋಗಿ ಮಲಗುತ್ತಿದ್ದಳು. ಮೇಲೆಲ್ಲ ಬರೀ ಉಸುಕು. ಆಗ ಹೆಂಗಸರು ಹೊಳೆಯ ನಡುವೆ ಕೂತು ಕೈಯಿಂದ ಉಸುಕು ತೋಡುತ್ತಿದ್ದರು. ಮೊಣಕೈ ಆಳಕ್ಕೆ ಹೋದರೆ ಸಾಕು, ಬದಿಯಿಂದ ನೀರು ಜಿನುಗಿ ಗುಂಡಿ ತುಂಬುತ್ತಿತ್ತು. ಅದಕ್ಕೆ ಒರತೆ ಎನ್ನುತ್ತಾರೆ. ಮೊದಲು ಬರುವ ನೀರು ರಾಡಿ. ಕೈ ಹಾಕದೆ ಕಾದರೆ ತಿಳಿಯಾಗುತ್ತದೆ. ತಿಳಿ ನೀರನ್ನು ಚಿಪ್ಪಿನಲ್ಲಿ ತುಂಬಿ ತುಂಬಿ ಕೊಡಕ್ಕೆ ಹಾಕಬೇಕು.

ಆ ಜನಕ್ಕೆ ಕೊಡ ಅಂದರೆ ಪ್ರಾಣ. ಕೊಡದ ವಿಷಯದಲ್ಲಿ ಲಚ್ಚಪ್ಪಜ್ಜ ಹೇಳಿದ್ದೇ ಮಾತು. ಅವನು ಊರಿಗೆಲ್ಲ ಹಿರಿಯ. ಬೆರಳ ಗೆಣ್ಣಿನಿಂದ ಕೊಡಕ್ಕೆ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಠಣ್ ಎಂದರೆ ಗಟ್ಟಿ ಕೊಡ. ಡಬ್ ಎಂದರೆ ಬಿರುಕು ಕೊಡ. ಬಿರುಕು ಬಿಟ್ಟ ಕೊಡವನ್ನು ಮನೆಗೆ ತರಬಾರದು, ದಂಡೆಯಲ್ಲೇ ಬಿಟ್ಟು ಬರಬೇಕು, ಅದು ಕಟ್ಟಳೆ. ದಂಡೆಯುದ್ದಕ್ಕೂ ಹಾಗೆ ಬಿಟ್ಟ ಕೊಡಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು.

ಒಂದು ಬೇಸಿಗೆ ಬಿಸಿಲು ಕೆಂಡವಾಯಿತು. ಗಾಳಿಗೆ ಬಾಯಾರಿಕೆ. ಕೆರೆ ಕುಡಿದ, ಎಲೆ ಕುಡಿದ, ಸಾಲದೆ ಮನುಷ್ಯರ ಮೂಗಿನ ಬಾಗಿಲಲ್ಲಿದ್ದ ತೇವವನ್ನೂ ಕುಡಿದ. ಎಲ್ಲರ ಮೂಗಿನೊಳಗೆ ಒಣಗಿದ ಹೊಟ್ಟು ಕಟ್ಟಿತು. ಹೊಟ್ಟು ಕಟ್ಟಿದರೆ ತುರಿಸುತ್ತದೆ. ತುರಿಸಿದರೆ ಸೂಗಿಯಂಥವಳ ಬೆರಳು ಸುಮ್ಮನಿರುತ್ತದೆಯೇ?

ಅಂದು ಮಾಳವ್ವ ಒರತೆ ತೋಡುತ್ತಿದ್ದಳು. ಸೂಗಿ ತುಸು ದೂರದಲ್ಲಿ ಟಿಟ್ಟಿಭ ಹಕ್ಕಿಯ ಜೊತೆ ಮಾತಾಡುತ್ತ ಕೂತಿದ್ದಳು. ಉದ್ದ ಕಾಲಿನ ಈ ಹಕ್ಕಿ ಉಸುಕಿನಲ್ಲೇ ಮೊಟ್ಟೆ ಇಡುತ್ತದೆ. ಆಗ ಅದರ ದನಿ ಬಹಳ ಮೆದು, ಮುಖ ಪೂರಾ ಕಪ್ಪು. ಮೊಟ್ಟೆಯ ಬಗ್ಗೆ ಏನೋ ಹೇಳುತ್ತಿತ್ತು. ಸೂಗಿ ಹೂಂಗುಟ್ಟುತ್ತ ಮೂಗಿನೊಳಗೆ ಬೆರಳು ಇಟ್ಟಳು. ಹೊಟ್ಟು ಎದ್ದಿತು. ಅದರ ಜೊತೆ ಆ ತೆಳ್ಳನೆ ಪದರವೂ ಎದ್ದಿತು.

ಟಪ್. ಉಸುಕಿನ ಮೇಲೆ ಒಂದು ಹನಿ ಬಿತ್ತು.

ಕೆಂಪು ಹನಿ.

ಕೂಸೇ, ಅಲ್ಲಿಯತನಕ ಮನುಷ್ಯರ ಮೈಯಿಂದ ನೆತ್ತರು ಹೊರಗೆ ಬಂದದ್ದೇ ಇಲ್ಲ. ಹೊಳೆಯವ್ವ ಕೊಟ್ಟದ್ದು ನೀರು. ನೀರು ಬಂದಿದ್ದರೆ ಯಾರೂ ಹೆದರುತ್ತಿರಲಿಲ್ಲ. ಮೈಯ ಕಾವಿನಲ್ಲಿ ಹರಿದೂ ಹರಿದೂ ಆ ನೀರು ಕೆಂಪಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ತನ್ನೊಳಗೆ ಇಂಥ ಬಣ್ಣವಿದೆ ಎಂಬುದೇ ಸೂಗಿಗೆ ಗೊತ್ತಿರಲಿಲ್ಲ. ಅವಳು ಕಣ್ಣು ಪಿಳುಕಿಸದೆ ಹನಿಯನ್ನು ನೋಡಿದಳು. ಅದರ ಪಕ್ಕ ಇನ್ನೊಂದು ಬಿತ್ತು, ಮತ್ತೊಂದು ಬಿತ್ತು.

ಟಿಟ್ಟಿಭ ಏನೆಂದು ನೋಡಲು ಕುತ್ತಿಗೆ ಚಾಚಿತು. ಬಿಸಿ ಹನಿಯೊಂದು ಅದರ ಕೊಕ್ಕಿನ ಬುಡಕ್ಕೆ, ಕಣ್ಣಿನ ಮುಂದೆ ಬಿತ್ತು. ಹಕ್ಕಿ ಹೌಹಾರಿ ಮೇಲೆ ಹಾರಿತು. ಅದರ ಮೆದು ದನಿ ಒಡೆದು, ಟಿಟ್ಟೀ ಟಿಟ್ಟೀ ಎಂಬ ಚೀರಾಟ ಹೊಳೆಯ ಎರಡೂ ದಂಡೆಗೆ ಕೇಳಿತು.

ಮಾಳವ್ವ ತಿರುಗಿ ನೋಡಿದಳು. ಮಗಳ ಬಾಯಿ, ಗದ್ದ, ಅಂಗಿಯ ಮುಂಭಾಗ ಎಲ್ಲ ಕೆಂಪು. ಉಸುಕಿನ ಮೇಲೆ ಅಂಬೆಗಾಲಿಟ್ಟುಕೊಂಡೇ ಮಗಳ ಹತ್ತಿರ ಬಂದಳು. ಮಗಳು ಖಾಲಿಯಾಗುತ್ತಿದ್ದಾಳೆ ಎಂದೇ ಅವಳಿಗೆ ಅನ್ನಿಸಿತು.

ಹಕ್ಕಿಯ ಚೀರಾಟಕ್ಕೆ ಜನ ಸೇರಿದರು. ನೋಡಿದವರೆಲ್ಲ ಗರ ಬಡಿದವರ ಹಾಗೆ ನಿಂತರು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಕೊಡ ಹೊರುವ ಜನವಲ್ಲವೇ, ಅವರಿಗೆ ಹೊಳೆದದ್ದೂ ಕೊಡದ ಉಪಾಯವೇ. ಕೊಡ ಮುಂದಕ್ಕೆ ಚೆಲ್ಲಿದರೆ ಏನು ಮಾಡಬೇಕು? ಹಿಂದಕ್ಕೆ ವಾಲಿಸಬೇಕು. ಸೂಗಿಯ ತಲೆಯನ್ನು ಹಿಂದಕ್ಕೆ ವಾಲಿಸಿದರು.

ಮೂಗಿನಿಂದ ಬರುವುದು ನಿಂತಿತು. ನೋಡಿ, ನಿಂತೇಹೋಯಿತು ಎಂದು ಜನ ಉಸಿರು ಬಿಟ್ಟರು. ಎಲ್ಲಿ ನಿಂತೀತು? ಹಿಂದಿನ ದಾರಿ ಹಿಡಿದು ಗಂಟಲಿಗೆ ಇಳಿಯುತ್ತಿತ್ತು. ಸೂಗಿ ನುಂಗಿದಳು, ನುಂಗಿದಳು, ಕೊನೆಗೆ ತಡೆಯಲಾರದೆ ಬಕ್ಕನೆ ವಾಂತಿ ಮಾಡಿಕೊಂಡಳು. ವಾಂತಿಯೂ ಕೆಂಪು.

ಜನ ಎರಡು ಹೆಜ್ಜೆ ಹಿಂದೆ ಸರಿದರು. ಮೊದಲು ಮೂಗು ಮಾತ್ರ ಸೋರುತ್ತಿತ್ತು, ಈಗ ಬಾಯಿಯೂ ಸೋರುತ್ತಿದೆ ಎಂದರು. ಒಬ್ಬರು ತಲೆಯ ಮೇಲೆ ತಣ್ಣೀರು ಸುರಿದರು. ಸೂಗಿ ನಡುಗಿದಳು, ನೆತ್ತರು ನಿಲ್ಲಲಿಲ್ಲ. ಇನ್ನೊಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಸಿಸಿದರು. ಕಣ್ಣಿನಿಂದಲೂ ನೀರು ಬರತೊಡಗಿತು, ಅಷ್ಟೇ ಆದದ್ದು. ಕಣ್ಣೂ ಸೋರುತ್ತಿದೆ ಎಂದು ಜನ ಮತ್ತೆ ಎರಡು ಹೆಜ್ಜೆ ಹಿಂದೆ ಹೋದರು. ಮಗದೊಬ್ಬರು ಅರಳೆ ತುರುಕಿದರು. ಸ್ವಲ್ಪ ಹೊತ್ತಿಗೆ ಅದು ನೆನೆದು ತೊಯ್ದಿತು. ಕಿತ್ತು ನೋಡಿದರೆ ಅದಕ್ಕೆ ಅಂಟಿಕೊಂಡ ಹೊಟ್ಟೂ ಕಿತ್ತು ಬಂತು, ನೆತ್ತರು ಮೊದಲಿಗಿಂತ ಜೋರಾಯಿತು. ಮತ್ತೆ ತುರುಕಿದರು.

ಅಷ್ಟರಲ್ಲಿ ಲಚ್ಚಪ್ಪಜ್ಜ ಬಂದ. ಎಲ್ಲರೂ ದಾರಿ ಬಿಟ್ಟರು. ಅಜ್ಜ ಸೂಗಿಯ ಮುಂದೆ ಕೂತು, ಬೆರಳ ಗೆಣ್ಣಿನಿಂದ ಅವಳ ತಲೆಗೆ ಬಡಿದು, ಕಿವಿಗೊಟ್ಟು ಕೇಳಿದ. ಒದ್ದೆ ಕೂದಲಿನ ತಲೆ ಡಬ್ ಎಂದಿತು.

ಅಜ್ಜನ ಮುಖ ಬಿಳಿಚಿತು. ಅವನೇನು ಕೆಟ್ಟವನಲ್ಲ, ಅವನಿಗೂ ಹೆದರಿಕೆಯೇ. ಮಾಳವ್ವನ ಮುಖ ನೋಡಲಾಗದೆ ಉಸುಕು ನೋಡುತ್ತ ಹೇಳಿದ.

"ಬಿರುಕು ಬಿಟ್ಟದವ್ವ. ಮನಿಗಿ ಒಯ್ಯಂಗಿಲ್ಲ. ದಂಡಿ ಮ್ಯಾಲ ಬಿಡು."

ಮಾಳವ್ವ ದಂಡೆಯ ಮೇಲೆ ಬಿದ್ದಿದ್ದ ಆ ಕೊಡಗಳನ್ನು ನೋಡಿದಳು. ತಾನೇ ಬಿಟ್ಟುಬಂದ ಕೊಡವೂ ಅವುಗಳಲ್ಲಿ ಇತ್ತು. ಸೂಗಿಯೂ ಅವನ್ನು ನೋಡಿದಳು. ಆಮೇಲೆ ತಾಯಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನಗೆ ಇದನ್ನು ಹೇಳುವಾಗಲೆಲ್ಲ ಸಂಕಟವಾಗುತ್ತದೆ. ಏಡಿ ಕಚ್ಚಿದರೂ ಅಳದ ಹುಡುಗಿ ಅದು.

ಮಾಳವ್ವ ಮಗಳನ್ನು ಎಳೆದುಕೊಂಡು ತನ್ನ ಒರತೆಯ ಬಳಿ ಹೋಗಿ ಬಗ್ಗಿದಳು. ಉಸುಕಿಗೆ ಬಾಯಿ ಹಚ್ಚಿ, ನೀನು ಕೊಟ್ಟ ಎಳೆಯೇ ಇದು, ನೀನೇ ಕಿತ್ತುಕೊಳ್ಳುತ್ತೀಯಾ ಎಂದು ಹೊಳೆಯವ್ವನನ್ನು ಕೇಳಿದಳು.

ಉಸುಕಿನ ಕೆಳಗಿನಿಂದ ಹೊಳೆಯವ್ವನ ದನಿ ಬಂತು. ಉಗುರು ಹಚ್ಚಿದವರು ಯಾರು ಎಂದು ಕೇಳಿದಳು. ಸೂಗಿ ನಿಧಾನವಾಗಿ ತನ್ನ ಬೆರಳು ತೋರಿಸಿದಳು. ಹೊಳೆಯವ್ವ ಬೈಯಲಿಲ್ಲ. ಗಾಳಿ ಹೀಗೆ ಹೀರಿದರೆ ಉಗುರು ಹಚ್ಚದಿದ್ದರೂ ಒಮ್ಮೊಮ್ಮೆ ಬಿರಿಯುತ್ತದೆ ಎಂದಳು. ಆಮೇಲೆ ಮಾಳವ್ವನಿಗೆ ಹೇಳಿದಳು.

"ನಿನ್ನ ಮಗಳು ಕೊಡ ಅಲ್ಲ ಮಾಳವ್ವ. ಒರತಿ. ಒರತಿ ಬಾಯಿ ಕುಸದ್ರ ಏನ್ ಮಾಡ್ತಿ?"

"ಎರಡೂ ಕಡಿ ಒತ್ತಿ ಹಿಡೀತೀನಿ."

"ಎಷ್ಟೊತ್ತು?"

"ಉಸುಕು ಕಚ್ಚಿಕೊಳ್ಳೋತನ."

"ಹಂಗೇ ಹಿಡಿ ಮತ್ತ. ನಡುನಡುವ ಕೈ ತಗದು ನೋಡಬ್ಯಾಡ."

ಮಾಳವ್ವ ಅರಳೆ ತೆಗೆದು ಎಸೆದಳು. ಸೂಗಿಯನ್ನು ನೆಟ್ಟಗೆ ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿದಳು. ಗಂಟಲಿಗೆ ಇಳಿದದ್ದನ್ನು ನುಂಗಬೇಡ, ಉಗುಳು ಎಂದಳು. ಬಾಯಿಂದ ಉಸಿರಾಡು ಎಂದಳು. ಹೆಬ್ಬೆರಳು ತೋರುಬೆರಳುಗಳಿಂದ ಮೂಗನ್ನು ಹಿಡಿದಳು. ಮೊದಲು ಮೇಲೆ ಹಿಡಿದಳು, ಏನೂ ಆಗಲಿಲ್ಲ. ಕೆಳಗೆ ಹಿಡಿ, ಹೊಳ್ಳೆಗಳ ಮೇಲೆಯೇ ಹಿಡಿ ಎಂದಳು ಹೊಳೆಯವ್ವ. ಕೆಳಗೆ ಹಿಡಿದಳು. ಅಲ್ಲಿಯೂ ಎಲುಬೇ. ಮಾಳವ್ವ ಬಿಡಲಿಲ್ಲ. ಉಸುಕು ತೋಡಿ ತೋಡಿ ಗಟ್ಟಿಯಾದ ಬೆರಳು ಅವು. ಒತ್ತಿದಳು, ಒತ್ತಿದಳು, ಬೆರಳ ತುದಿಗಳು ಬೆಳ್ಳಗಾದವು. ತಾಯಿಯ ಕೈಯ ಬಿಸಿಗೋ ಹಟಕ್ಕೋ, ಮೂಗಿನ ತುದಿಯ ಎಲುಬು ಮೇಣದ ಹಾಗೆ ಮೆತ್ತಗಾಗಿ ಒಳಗೆ ಬಾಗಿತು.

ಜನ ಮತ್ತೆ ಹೌಹಾರಿದರು. ಮೂಗನ್ನೇ ಮುರಿದಳು ಎಂದರು. ಮಾಳವ್ವ ಆ ಕಡೆ ತಿರುಗಿಯೂ ನೋಡಲಿಲ್ಲ.

ಆದರೆ ತಾಯಿಯ ಮನಸ್ಸು ಕೇಳಬೇಕಲ್ಲ. ನಿಂತಿತೋ ಇಲ್ಲವೋ ಎಂದು ಮೆಲ್ಲಗೆ ಬೆರಳು ಸಡಿಲಿಸಿ ಇಣುಕಿದಳು. ಟಪ್. ಮತ್ತೆ ಕೆಂಪು ಹನಿ.

ಹೊಳೆಯವ್ವನಿಗೆ ಈಗ ಸಿಟ್ಟು ಬಂತು. ರಾಡಿ ನೀರನ್ನು ಪದೇಪದೇ ಕಲಕಿದರೆ ತಿಳಿಯಾಗುತ್ತದೆಯೇ ಎಂದು ಗದರಿದಳು. ಒಂದು ಕೈಯಲ್ಲಿ ಮೂಗು ಹಿಡಿ, ಇನ್ನೊಂದು ಕೈಯಲ್ಲಿ ಪಕ್ಕದಲ್ಲೇ ಹೊಸ ಒರತೆ ತೋಡು, ಅದರ ರಾಡಿಯೆಲ್ಲ ಕೂತು ಮೇಲೆ ಹಾರುವ ಹಕ್ಕಿ ನೀರಲ್ಲಿ ನಿಚ್ಚಳವಾಗಿ ಕಾಣುವತನಕ ಮೂಗು ಬಿಡಬೇಡ ಎಂದಳು.

ಮಾಳವ್ವ ತೋಡಿದಳು. ರಾಡಿ ನೀರು ಜಿನುಗಿತು. ಈಗ ಎಲ್ಲರ ಕಣ್ಣೂ ಆ ಗುಂಡಿಯ ಮೇಲೆ. ಲಚ್ಚಪ್ಪಜ್ಜನೂ ಬಗ್ಗಿ ನೋಡಿದ. ನೀರು ಕಂದು ಬಣ್ಣದ್ದೇ. ಸೂಗಿ ಬಾಯಿ ತೆರೆದು ಉಸಿರಾಡುತ್ತಿದ್ದಳು. ಅವಳ ಹೆದರಿಕೆ ಇಳಿದ ಹಾಗೆ ಉಸಿರೂ ನಿಧಾನವಾಯಿತು. ತಾಯಿಯ ತೋಳು ನೋಯುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಇಣುಕಬೇಕು ಎಂದು ಜೀವ ಹಾತೊರೆಯುತ್ತಿತ್ತು. ಇಣುಕಲಿಲ್ಲ. ರಾಡಿ ಮೆಲ್ಲಮೆಲ್ಲಗೆ ಕೆಳಗೆ ಕೂತಿತು. ನೀರಲ್ಲಿ ಮೊದಲು ಬೆಳಕು ಕಂಡಿತು, ಆಮೇಲೆ ಆಕಾಶ ಕಂಡಿತು.

ಹಾರಿ ಹಾರಿ ಸೋತ ಟಿಟ್ಟಿಭಕ್ಕೂ ಬಾಯಾರಿತ್ತು. ಒರತೆಯ ಅಂಚಿಗೆ ಬಂದು ಕೂತು ನೀರಿಗೆ ಬಗ್ಗಿತು. ತಿಳಿ ನೀರಿನಲ್ಲಿ ತನ್ನ ಮುಖ ನಿಚ್ಚಳವಾಗಿ ಕಂಡಿತು. ಕಪ್ಪು ಮುಖದಲ್ಲಿ, ಕಣ್ಣಿನ ಮುಂದೆ, ಕೆಂಪು ಮಚ್ಚೆ. ಇದು ಯಾರ ಮುಖ ಎಂದು ಬೆಚ್ಚಿ, ಟಿಟ್ಟೀ ಎಂದು ಎದೆ ಒಡೆಯುವ ಹಾಗೆ ಚೀರಿತು.

ಆ ಚೀರಾಟಕ್ಕೆ ಎಲ್ಲರೂ ಬೆಚ್ಚಿಬಿದ್ದರು. ಮಾಳವ್ವನ ಕೈ ತಾನಾಗಿ ಮೂಗಿನಿಂದ ಕಳಚಿತು.

ಎಲ್ಲರೂ ಉಸುಕು ನೋಡಿದರು. ಹನಿ ಬೀಳಲಿಲ್ಲ. ಇನ್ನೂ ನೋಡಿದರು. ಬೀಳಲಿಲ್ಲ. ಸೂಗಿ ಕಣ್ಣೆತ್ತಿ ತಾಯಿಯನ್ನು ನೋಡಿ, ಅವ್ವಾ, ಹಸಿವು ಎಂದಳು. ಖಾಲಿಯಾದ ಮಗುವಿಗೆ ಹಸಿವಾಗುತ್ತದೆಯೇ? ಮಾಳವ್ವ ಅವಳನ್ನು ತಬ್ಬಿಕೊಂಡು ಆಗ ಅತ್ತಳು, ಅಷ್ಟು ಹೊತ್ತು ತಡೆದದ್ದನ್ನೆಲ್ಲ ಅತ್ತಳು.

ಲಚ್ಚಪ್ಪಜ್ಜ ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದ. ಸೂಗಿ ಹೋಗಿ ಅವನ ಬೋಳು ತಲೆಗೆ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದಳು. ಅದೂ ಡಬ್ ಎಂದಿತು. ಅಜ್ಜ ಮೊದಲು ದಂಗಾದ. ಆಮೇಲೆ ಅವನೇ ಮೊದಲು ನಕ್ಕ. ಆ ದಿನವೇ ಎಲ್ಲರ ಎದುರು ಕಟ್ಟಳೆ ತಿದ್ದಿದ. ಮಕ್ಕಳು ಕೊಡಗಳಲ್ಲ, ಸೋರಿದರೆ ಬಿಡಬಾರದು, ಹಿಡಿಯಬೇಕು ಎಂದ.

ಗಾಳಿ ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಅವನಿಗೂ ಮನಸ್ಸು ಕಲಕಿತ್ತು. ಆದರೆ ಬೇಸಿಗೆಯಲ್ಲಿ ತಾನು ಒಣಗುವುದು ತಪ್ಪಿದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ ಎಂದ. ಅದಕ್ಕೇ ಮಕ್ಕಳು ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಬೇಕು, ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು. ನೆತ್ತರು ನಿಂತ ಮೇಲೆ ಆ ದಿನವಿಡೀ ಜೋರಾಗಿ ಮೂಗು ಸೀಟಬಾರದು, ಕೆದಕಬಾರದು, ಜಿಗಿದಾಡಬಾರದು. ಹೊಸ ಒರತೆಯ ಅಂಚು ಅದು, ಮುಟ್ಟಿದರೆ ಮತ್ತೆ ಕುಸಿಯುತ್ತದೆ.

ನಮಗೀಗ ಒರತೆ ತೋಡುವ ಕೆಲಸವಿಲ್ಲ, ಗೋಡೆಯ ಮೇಲೆ ಗಡಿಯಾರವಿದೆ. ಹತ್ತು ನಿಮಿಷ, ನಡುವೆ ಇಣುಕದೆ. ನಿಲ್ಲಲಿಲ್ಲವೋ, ಇನ್ನೊಂದು ಹತ್ತು ನಿಮಿಷ. ಆಗಲೂ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದು ನೆತ್ತರು ಬಂದಿದ್ದರೆ, ಕಣ್ಣಿಗೆ ಕತ್ತಲೆ ಕವಿದರೆ ಡಾಕ್ಟರ ಹತ್ತಿರ ಓಡಲೇಬೇಕು. ಪದೇಪದೇ ಬರುತ್ತಿದ್ದರೂ ಒಮ್ಮೆ ತೋರಿಸಬೇಕು. ಈ ಅಜ್ಜಿಯ ಕತೆ ನೆಚ್ಚಿಕೊಂಡು ಕೂರಬಾರದು.

ಟಿಟ್ಟಿಭದ ಮುಖದ ಆ ಕೆಂಪು ಎಷ್ಟು ತೊಳೆದರೂ ಹೋಗಲಿಲ್ಲ. ಹೊಳೆಯ ಉಸುಕಿನಲ್ಲಿ ಮನುಷ್ಯರ ಹೆಜ್ಜೆ ಕೇಳಿದರೆ ಸಾಕು, ಅದು ಇವತ್ತಿಗೂ ಬೆಚ್ಚಿ ಹಾರಿ ಚೀರುತ್ತದೆ. ನಿನ್ನ ಮೂಗಿನಲ್ಲಿ ಕೆಂಪು ಕಂಡಾಗ ನಿಮ್ಮವ್ವ ಚೀರಿದಳಲ್ಲ, ಅದೂ ಅದೇ ಹಕ್ಕಿಯ ಚೀರಾಟ. ಚೀರಿದರೂ ಕೈ ಮಾತ್ರ ಬಿಡಲಿಲ್ಲ, ನೋಡಿದೆಯಾ?

ಸೂಗಿಯ ಮೂಗಿನ ತುದಿ ಮತ್ತೆ ಗಟ್ಟಿಯಾಗಲಿಲ್ಲ. ಅವಳ ನಂತರ ಹುಟ್ಟಿದ ಮಕ್ಕಳೆಲ್ಲರ ಮೂಗೂ ಹಾಗೇ ಇರಲಿ, ಯಾವ ತಾಯಿಯೂ ಹಿಡಿಯುವ ಜಾಗ ಹುಡುಕಿ ಕಂಗೆಡದಿರಲಿ ಎಂದು ಹೊಳೆಯವ್ವ ಹರಸಿದಳು.

ನಿನ್ನದು ಬೇಡ, ನಿನ್ನದು ಹಸಿ ಇದೆ. ಬಾ, ಈ ಅಜ್ಜಿಯ ಮೂಗು ಮುಟ್ಟಿ ನೋಡು. ಮೇಲೆ ಗಟ್ಟಿ ಅಲ್ಲವೇ? ಕೆಳಗೆ ಬಾ, ಇನ್ನೂ ಕೆಳಗೆ. ಹಾಂ, ಅಲ್ಲಿ ಮೆತ್ತಗಿದೆಯಲ್ಲ, ಅದೇ ಮಾಳವ್ವ ಅಂದು ಮಗಳನ್ನು ದಂಡೆಯ ಮೇಲೆ ಬಿಡದೆ ಹಿಡಿದುಕೊಂಡ ಜಾಗ.